ಮುಳುಗಿದ ಹಡಗುಗಳೂ ಮುಳುಗುವ ವಿದ್ಯೆಯೂ

ಹಡಗು ಮುಳುಗಿತು ಎಂದೊಡನೆ ನಮ್ಮ ಮನಸ್ಸು ಸಮುದ್ರದ ಕಡೆಗೆ ಓಡುತ್ತದೆ. ಉಪ್ಪುನೀರು, ಬಿರುಗಾಳಿ, ಬಂಡೆ, ಇವಿಲ್ಲದೆ ಹಡಗು ಒಡೆಯುವುದೆಂತು ಎಂದು ಕೇಳುವವರೇ ಹೆಚ್ಚು. ಆದರೆ ಸಿಹಿನೀರಿನಲ್ಲಿಯೂ ಹಡಗುಗಳು ಮುಳುಗಿವೆ. ಮುಳುಗಿದ ಮೇಲೆ ಸಮುದ್ರದಲ್ಲಿ ಮುಳುಗಿದವುಗಳಿಗಿಂತ ಎಷ್ಟೋ ಚೆನ್ನಾಗಿ ಉಳಿದೂ ಇವೆ. ಅವುಗಳನ್ನು ಕಾಣಲೆಂದು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯುವ ಜನ ಇಂದು ಸಾವಿರಾರು ಮಂದಿ. ಇದಕ್ಕಾಗಿ ಪಾಠವುಂಟು, ಪರೀಕ್ಷೆಯುಂಟು, ಪ್ರಮಾಣಪತ್ರವುಂಟು.

ಈ ಮಾತನ್ನು ನಮ್ಮ ಸಟಾಣಾದಂಥ ಊರಿನಲ್ಲಿ ಕುಳಿತು ಬರೆಯುವುದೇಕೆಂದು ವಾಚಕರು ಕೇಳಬಹುದು. ಸಟಾಣಾ ನಾಸಿಕ ಜಿಲ್ಲೆಯ ಬಾಗಲಾಣದ ಊರು. ಪಕ್ಕದಲ್ಲಿ ಆರಮ್ ನದಿ, ಮೇಲಕ್ಕೆ ಕೇಳಝರ್ ಅಣೆಕಟ್ಟು, ಅತ್ತ ಮೋಸಮ್ ನದಿಗೆ ಹರಣಬಾರಿಯ ಅಣೆಕಟ್ಟು, ಇತ್ತ ಗಿರಣಾ ನದಿಗೆ ಚಣಕಾಪೂರ. ಉಳಿದದ್ದೆಲ್ಲ ಈರುಳ್ಳಿ, ದಾಳಿಂಬೆ, ದ್ರಾಕ್ಷಿ. ಹಡಗಿನ ಹೆಸರು ಹೇಳಿದರೆ ನಗುವ ಊರು. ಆದರೂ ಇಲ್ಲಿಯ ಹೊಲಹೊಲಕ್ಕೂ ಬಾವಿಯಿದೆ, ಈಚೆಗೆ ಪ್ಲಾಸ್ಟಿಕ್ ಹಾಸಿದ ಶೇತತಳೆ ಎಂಬ ಹೊಂಡಗಳಿವೆ, ಕಾಲುವೆಗಳಿವೆ. ಹಡಗಿಲ್ಲದಿದ್ದರೂ ಮುಳುಗುವವರು ಇದ್ದೇ ಇದ್ದಾರೆ. ಆದುದರಿಂದ ಮುಳುಗುವ ವಿದ್ಯೆ ನಮಗೆ ಸಂಬಂಧವಿಲ್ಲದ ವಿಷಯವಲ್ಲ.

ಸಿಹಿನೀರು ಹಡಗನ್ನು ಕಾಯುವ ಬಗೆ

ಉತ್ತರ ಅಮೇರಿಕೆಯಲ್ಲಿ ಸಂಯುಕ್ತ ಸಂಸ್ಥಾನಕ್ಕೂ ಕೆನಡಕ್ಕೂ ನಡುವೆ ಐದು ಮಹಾಸರೋವರಗಳಿವೆ: ಸುಪೀರಿಯರ್, ಮಿಶಿಗನ್, ಹ್ಯೂರನ್, ಈರಿ, ಒಂಟಾರಿಯೋ. ಕೆರೆಯೆಂದು ಕರೆದರೂ ದಡದಲ್ಲಿ ನಿಂತವನಿಗೆ ಆಚೆಯ ದಡ ಕಾಣುವುದಿಲ್ಲ. ಕಬ್ಬಿಣದ ಅದಿರು, ಗೋಧಿ, ಮರ ಹೊತ್ತ ಹಡಗುಗಳು ಇಲ್ಲಿ ನೂರಾರು ವರ್ಷಗಳಿಂದ ಓಡಾಡುತ್ತಿವೆ. ಇದುವರೆಗೆ ಇಲ್ಲಿ ನಾಶವಾದವು ಸುಮಾರು 6,000 ಎಂದು ಅಲ್ಲಿಯ ಹಡಗುನಾಶದ ವಸ್ತುಸಂಗ್ರಹಾಲಯದವರ ಅಂದಾಜು. ನಮ್ಮ ಕನ್ನಡ ಕುಟುಂಬಗಳು ಅನೇಕ ಟೊರಾಂಟೋ, ಡೆಟ್ರಾಯಿಟ್, ಶಿಕಾಗೋಗಳಲ್ಲಿ ಇದೇ ಸರೋವರಗಳ ನೀರು ಕುಡಿದು ಬಾಳುತ್ತಿವೆ.

ಸಮುದ್ರದಲ್ಲಿ ಮುಳುಗಿದ ಮರದ ಹಡಗನ್ನು ಶಿಪ್‌ವರ್ಮ್ ಎಂಬ ಪ್ರಾಣಿ ತಿಂದುಹಾಕುತ್ತದೆ. ಹೆಸರಿಗೆ ಹುಳುವಾದರೂ ಅದು ಕಪ್ಪೆಚಿಪ್ಪಿನ ಜಾತಿಯದು. ಮರವನ್ನು ಕೊರೆದು ಜಾಲರಿ ಮಾಡಿಬಿಡುತ್ತದೆ. ಅದಕ್ಕೆ ಉಪ್ಪುನೀರು ಬೇಕು. ಸಿಹಿನೀರಿನಲ್ಲಿ ಅದು ಬದುಕದು. ಎರಡನೆಯದಾಗಿ, ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಭಾರ. ಆ ತಣ್ಣನೆಯ ನೀರು ಸರೋವರದ ತಳದಲ್ಲಿ ಹೋಗಿ ಕೂಡುತ್ತದೆ. ಮೇಲೆ ಬೇಸಗೆಯಿರಲಿ ಹಿಮವಿರಲಿ, ಆಳದಲ್ಲಿ ವರ್ಷವಿಡೀ ಹೆಚ್ಚುಕಡಮೆ ಅದೇ ಚಳಿ. ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ಆ ಚಳಿಯಲ್ಲಿ ಬಲು ನಿಧಾನ. ಹೀಗಾಗಿ ನೂರು ನೂರೈವತ್ತು ವರ್ಷಗಳ ಹಿಂದೆ ಮುಳುಗಿದ ಹಾಯಿಹಡಗಿನ ಕೂವೆಕಂಬ ಕೂಡ ನೆಟ್ಟಗೆ ನಿಂತಿರುವುದುಂಟು. ಸ್ವೀಡನ್ನಿನ ವಾಸಾ ಎಂಬ ಯುದ್ಧನೌಕೆ 1628ರಲ್ಲಿ ಮುಳುಗಿ 1961ರಲ್ಲಿ ಮೇಲಕ್ಕೆ ಬಂದಾಗ ಬಹುಮಟ್ಟಿಗೆ ಇಡಿಯಾಗಿ ಬಂದದ್ದಕ್ಕೂ ಕಾರಣ ಇದೇ: ಬಾಲ್ಟಿಕ್ ಸಮುದ್ರದ ನೀರು ಆ ಹುಳುವಿಗೆ ಸಾಲುವಷ್ಟು ಉಪ್ಪಲ್ಲ.

ಕೆನಡದ ಟೋಬರ್ಮರಿ ಎಂಬಲ್ಲಿ 1987ರಲ್ಲಿ ಫ್ಯಾದಮ್ ಫೈವ್ ಎಂಬ ಜಲೋದ್ಯಾನವನ್ನೇ ಮಾಡಿದರು. ಇಪ್ಪತ್ತಕ್ಕೂ ಹೆಚ್ಚು ಮುಳುಗಿದ ಹಡಗುಗಳು ಅದರ ಆವರಣದಲ್ಲಿವೆ. 1867ರಲ್ಲಿ ಕಟ್ಟಿ 1885ರಲ್ಲಿ ಮುಳುಗಿದ ಸ್ವೀಪ್‌ಸ್ಟೇಕ್ಸ್ ಎಂಬುದು ಅಲ್ಲಿ ಕೇವಲ 20 ಅಡಿ ಆಳದಲ್ಲಿದೆ. ಗಾಜಿನ ತಳದ ದೋಣಿಯಲ್ಲಿ ಕುಳಿತ ಮಕ್ಕಳೂ ಮುದುಕರೂ ಅದನ್ನು ಮೇಲಿನಿಂದಲೇ ನೋಡಬಹುದು. ಮಿಶಿಗನ್ ರಾಜ್ಯದ ಆಲ್ಪೀನಾದಲ್ಲಿ 2000ನೆಯ ಇಸವಿಯಲ್ಲಿ ಥಂಡರ್ ಬೇ ಎಂಬ ರಕ್ಷಿತ ಜಲಪ್ರದೇಶ ಸ್ಥಾಪನೆಯಾಯಿತು. ಎರಡೂ ಕಡೆ ನಿಯಮ ಒಂದೇ: ಕಣ್ಣಿನಿಂದ ನೋಡಿ, ಕೈಯಿಂದ ಏನನ್ನೂ ತರಬೇಡಿ. ಒಬ್ಬೊಬ್ಬನು ಒಂದೊಂದು ಮೊಳೆ ತಂದರೂ ಹತ್ತು ವರ್ಷದಲ್ಲಿ ಹಡಗೇ ಇರದು.

ಹಡಗೆಂದರೆ ಬರಿಯ ಮರ ಕಬ್ಬಿಣವಲ್ಲ; ಎಷ್ಟೋ ವೇಳೆ ಅದು ಗೋರಿ. 1975ರ ನವೆಂಬರ್ 10ರಂದು ಎಡ್ಮಂಡ್ ಫಿಟ್ಸ್‌ಜೆರಾಲ್ಡ್ ಎಂಬ 729 ಅಡಿ ಉದ್ದದ ಅದಿರಿನ ಹಡಗು ಸುಪೀರಿಯರ್ ಸರೋವರದಲ್ಲಿ ಮುಳುಗಿತು. 29 ಮಂದಿ ಇದ್ದರು. ಒಬ್ಬರೂ ಉಳಿಯಲಿಲ್ಲ, ಒಂದು ದೇಹವೂ ಮೇಲೆ ಬರಲಿಲ್ಲ. ಹಡಗು ಬಿದ್ದಿರುವುದು 530 ಅಡಿ ಆಳದಲ್ಲಿ. 1995ರಲ್ಲಿ ಮನೆಯವರ ಕೋರಿಕೆಯಂತೆ ಅದರ ಗಂಟೆಯನ್ನು ಮೇಲಕ್ಕೆ ತಂದು, ಅದರ ಸ್ಥಾನದಲ್ಲಿ 29 ಹೆಸರುಗಳನ್ನು ಕೆತ್ತಿದ ಬೇರೊಂದು ಗಂಟೆಯನ್ನು ಇಟ್ಟು ಬಂದರು. ದೇಹ ದೊರೆಯದ ಮನೆಯವರಿಗೆ ಆ ಗಂಟೆಯೇ ಗುರುತು.

ಗಾಳಿಯ ಜಮಾಖರ್ಚು

ಇಷ್ಟು ಕೇಳಿದ ನಮ್ಮ ತಾಯಿಯವರು ಒಂದು ಪ್ರಶ್ನೆ ಹಾಕಿದರು: "ಅಲ್ಲೋ ತಮ್ಮಾ, ಮುಳುಗಿದ ಹಡಗಾ ನೋಡಲಿಕ್ಕೆ ರೊಕ್ಕಾ ಕೊಟ್ಟು ನೀರಾಗ ಇಳೀತಾರೇನು? ಇಲ್ಲಿ ನೋಡಿದರ ಬಾವ್ಯಾಗ ಬಿದ್ದ ಕೊಡಾ ತಗೀಲಿಕ್ಕೆ ಒಬ್ಬನೂ ಸಿಗಂಗಿಲ್ಲ!" ತಾಯಿಯವರ ಮಾತು ನಿಜ. ಬಾವಿಯ ಕೊಡಕ್ಕೆ ಪಾತಾಳಗರಡಿ ಸಾಕು. ಹಡಗಿನ ತನಕ ಇಳಿಯಲು ಮಾತ್ರ ಬೇರೆ ಲೆಕ್ಕ ಕಲಿಯಬೇಕು. ಲೆಕ್ಕವೆಂದದ್ದು ಅಲಂಕಾರಕ್ಕಲ್ಲ, ಈ ವಿದ್ಯೆಯಲ್ಲಿ ಅರ್ಧ ಭಾಗ ಲೆಕ್ಕವೇ.

1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾ ಎಂಬಿಬ್ಬರು ಸೇರಿ ಉಸಿರೆಳೆದಾಗ ಮಾತ್ರ, ಎಷ್ಟು ಬೇಕೋ ಅಷ್ಟೇ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೋಗುವಂತೆ ಗಾಳಿ ಕೊಡುವ ಉಪಕರಣ ಮಾಡಿದರು. ಇಂದಿನ ರೆಗ್ಯುಲೇಟರು ಅದರದೇ ಸಂತಾನ. ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂದು ಪತ್ರಿಕೆಗಳಲ್ಲಿ ಕೂಡ ಬರೆಯುವುದುಂಟು. ಅದು ತಪ್ಪು. ಸಾಮಾನ್ಯವಾಗಿ ತುಂಬುವುದು ನಾವು ನೀವು ಉಸಿರಾಡುವ ಗಾಳಿಯನ್ನೇ, ಸೋಸಿ, ಒತ್ತಿ.

12 ಲೀಟರಿನ ಸಿಲಿಂಡರಿನಲ್ಲಿ 200 ಪಟ್ಟು ಒತ್ತಡದಲ್ಲಿ ತುಂಬಿದರೆ 2,400 ಲೀಟರು ಗಾಳಿ ಜಮೆ. ಸಮಾಧಾನದಿಂದಿರುವ ಮನುಷ್ಯ ನೀರಿನ ಮೇಲೆ ನಿಮಿಷಕ್ಕೆ ಸುಮಾರು 20 ಲೀಟರು ಖರ್ಚು ಮಾಡುತ್ತಾನೆಂದು ಹಿಡಿಯೋಣ. 120 ನಿಮಿಷ ಬರಬೇಕು. ಆದರೆ ಸುಮಾರು 10 ಮೀಟರ್, ಎಂದರೆ 33-34 ಅಡಿ, ಇಳಿದಂತೆಲ್ಲ ಒಂದೊಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 10 ಮೀಟರಿನಲ್ಲಿ ಖರ್ಚು ಇಮ್ಮಡಿ, 20ರಲ್ಲಿ ಮುಮ್ಮಡಿ. 120 ನಿಮಿಷದ ಗಾಳಿ 20 ಮೀಟರಿನಲ್ಲಿ 40 ನಿಮಿಷಕ್ಕೆ ಮುಗಿಯಿತು. ಅದರಲ್ಲಿಯೂ ಕಾಲುಭಾಗವನ್ನು ಮುಟ್ಟದೆ ಮೇಲೆ ಬರಬೇಕೆಂದು ಗುರುಗಳ ಅಪ್ಪಣೆ. ಉಳಿದದ್ದು 30 ನಿಮಿಷ. ಗಾಬರಿಯಾದರೆ ಉಸಿರು ಹೆಚ್ಚಿ ಅದೂ ಅರ್ಧವಾಗುತ್ತದೆ. ತಿಂಗಳ ಸಂಬಳದಲ್ಲಿ ಸಂಸಾರ ಮಾಡುವ ನಮ್ಮಂಥವರಿಗೆ ಈ ಲೆಕ್ಕ ತಿಳಿಯುವುದು ಕಷ್ಟವಲ್ಲ: ಆಳಕ್ಕೆ ಹೋದಷ್ಟೂ ತುಟ್ಟಿ.

ಹಡಗಿನ ಒಳಗೆ ಹೊಗುವವರಿಗಂತೂ ಮೂರರ ನಿಯಮವೊಂದಿದೆ. ಗಾಳಿಯ ಒಂದು ಪಾಲು ಹೋಗಲಿಕ್ಕೆ, ಒಂದು ಪಾಲು ಮರಳಲಿಕ್ಕೆ, ಮೂರನೆಯದು ಆಪದ್ಧನ. ಬಾಗಿಲಿನಿಂದಲೇ ದಾರವನ್ನು ಬಿಡುತ್ತ ಹೋಗಿ, ಅದನ್ನೇ ಹಿಡಿದು ಹಿಂದಿರುಗಬೇಕು; ಏಕೆಂದರೆ ಒಳಗಿನ ಕೆಸರು ಕಾಲು ತಾಗಿ ಎದ್ದರೆ ಕ್ಷಣದಲ್ಲಿ ಕಗ್ಗತ್ತಲೆ. ಮೇಲಕ್ಕೆ ಏಳೋಣವೆಂದರೆ ತಲೆಯ ಮೇಲೆ ನೀರಲ್ಲ, ತಗಡು. ಹವ್ಯಾಸಿಗಳು ಹೊರಗಿನ ಬೆಳಕು ಕಾಣುವಷ್ಟು ದೂರವನ್ನು ದಾಟಬಾರದೆಂದು ಶಿಕ್ಷಣದ ಕಟ್ಟಳೆ.

ಕಲಿಯುವ ಕ್ರಮ

ಈ ವಿದ್ಯೆಯನ್ನು ಕಲಿಸುವ ಸಂಘಗಳು ಹಲವು. ಬ್ರಿಟನ್ನಿನದು 1953ರಲ್ಲಿ, ಕುಸ್ತೋ ಮೊದಲ ಅಧ್ಯಕ್ಷರಾಗಿದ್ದ ಜಾಗತಿಕ ಒಕ್ಕೂಟ 1959ರಲ್ಲಿ, ಇಂದು ಬಹುಪ್ರಸಿದ್ಧವಾಗಿರುವ ಪ್ಯಾಡಿ 1966ರಲ್ಲಿ ಹುಟ್ಟಿದವು. ಪ್ಯಾಡಿಯ ಮೊದಲ ಮೆಟ್ಟಿಲಿನ ಕ್ರಮವನ್ನೇ ಹೇಳುತ್ತೇನೆ.

ವಯಸ್ಸು ಹತ್ತು ತುಂಬಿರಬೇಕು. ಆರೋಗ್ಯದ ಪ್ರಶ್ನಾವಳಿ ತುಂಬಿಕೊಡಬೇಕು. ಉಬ್ಬಸ, ಹೃದಯ, ಕಿವಿ, ಮೂರ್ಛೆ ಇವುಗಳ ದೋಷವಿದ್ದರೆ ವೈದ್ಯರ ಒಪ್ಪಿಗೆ ಬೇಕು. 200 ಮೀಟರು ನಿಲ್ಲದೆ ಈಜಬೇಕು. ಹತ್ತು ನಿಮಿಷ ಆಧಾರವಿಲ್ಲದೆ ತೇಲಬೇಕು. ಆಮೇಲೆ ಪುಸ್ತಕದ ಪಾಠ, ಈಜುಕೊಳದಂಥ ಅಪಾಯವಿಲ್ಲದ ನೀರಿನಲ್ಲಿ ಐದು ಪಾಠ, ತೆರೆದ ನೀರಿನಲ್ಲಿ ನಾಲ್ಕು ಮುಳುಗು. ಕಣ್ಣಿನ ಮಾಸ್ಕಿನೊಳಗೆ ನೀರು ಹೊಕ್ಕರೆ ಮೂಗಿನಿಂದ ಊದಿ ಹೊರಹಾಕುವುದು, ಬಾಯಿಂದ ಕಳಚಿದ ರೆಗ್ಯುಲೇಟರನ್ನು ಹುಡುಕಿ ಹಿಡಿಯುವುದು, ಜೊತೆಗಾರನ ಗಾಳಿಯಲ್ಲಿ ಪಾಲು ಪಡೆಯುವುದು, ತೇಲದೆ ಮುಳುಗದೆ ನಡುನೀರಿನಲ್ಲಿ ನಿಲ್ಲುವುದು, ಇವೇ ಮುಖ್ಯ ಅಭ್ಯಾಸಗಳು. ಒಬ್ಬೊಬ್ಬರೇ ಮುಳುಗಕೂಡದು, ಎಂದಿಗೂ ಜೋಡಿ. ಇದು ಮುಗಿದರೆ 18 ಮೀಟರಿನ ತನಕ ಪರವಾನಗಿ. ಮುಂದಿನ ಮೆಟ್ಟಿಲಿಗೆ 30. ಹವ್ಯಾಸಕ್ಕೆ ಕಟ್ಟಕಡೆಯ ಗಡಿ 40. ಮುಳುಗಿದ ಹಡಗುಗಳ ವಿಶೇಷ ಶಿಕ್ಷಣಕ್ಕೆ ವಯಸ್ಸು 15 ಆಗಿರಬೇಕು; ಅದರಲ್ಲಿ ಮತ್ತೆ ನಾಲ್ಕು ಮುಳುಗು.

ಎಲ್ಲಕ್ಕಿಂತ ಮೊದಲ ಪಾಠ: ನೀರೊಳಗೆ ಉಸಿರು ಬಿಗಿ ಹಿಡಿಯಬಾರದು. ಬಾವಿಗೆ ಹಾರುವ ಹುಡುಗ ಉಸಿರು ಬಿಗಿಹಿಡಿಯುತ್ತಾನೆ, ಅದು ಅವನಿಗೆ ಸರಿ. ಅವನ ಪುಪ್ಪುಸದಲ್ಲಿರುವುದು ಮೇಲಿನ ಗಾಳಿ. ಸಿಲಿಂಡರಿನವನದು ಹಾಗಲ್ಲ. ಆಳದಲ್ಲಿ ಒತ್ತಿದ ಗಾಳಿಯನ್ನೆಳೆದು ಉಸಿರು ಹಿಡಿದು ಮೇಲೆ ಬಂದರೆ ಗಾಳಿ ಹಿಗ್ಗಿ ಪುಪ್ಪುಸವೇ ಹರಿಯಬಹುದು. ಎರಡನೆಯದು: ನಿಧಾನವಾಗಿ ಏಳಬೇಕು. ಒತ್ತಡದಲ್ಲಿ ರಕ್ತಕ್ಕೂ ಮಾಂಸಕ್ಕೂ ಕರಗಿ ಸೇರಿದ ಸಾರಜನಕ ಅವಸರದಿಂದ ಎದ್ದರೆ ಸೋಡಾ ಶೀಶೆಯ ಬುರುಗಿನಂತೆ ಗುಳ್ಳೆಗಟ್ಟುತ್ತದೆ. ಕೀಲುನೋವಿನಿಂದ ಲಕ್ವದವರೆಗೆ ಏನಾದರೂ ಆಗಬಹುದು. ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ಹೆಚ್ಚು ಏಳದೆ, 5 ಮೀಟರಿನಲ್ಲಿ ಮೂರು ನಿಮಿಷ ತಡೆದು ಬರುವುದು ರೂಢಿ.

ನಮ್ಮ ದಖನ್ನಿನವರಿಗೆ ವಿಶೇಷವಾದ ಮಾತೊಂದಿದೆ. ಮುಳುಗಿನ ಕೋಷ್ಟಕಗಳನ್ನು ಮಾಡಿರುವುದು ಸಮುದ್ರಮಟ್ಟಕ್ಕೆ. 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಅವನ್ನು ತಿದ್ದಿ ಬಳಸಬೇಕು, ಏಕೆಂದರೆ ಅಲ್ಲಿ ಮೇಲಿನ ಗಾಳಿಯೇ ತೆಳು. ಶರಾವತಿಯ ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1,819 ಅಡಿ, ಎಂದರೆ 554 ಮೀಟರು. ಭೀಮಾ ನದಿಯ ಉಜನಿ ಸುಮಾರು 497 ಮೀಟರು. ಸಿಹಿನೀರು ಉಪ್ಪುನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹಗುರ. ಆದುದರಿಂದ ಸಮುದ್ರದಲ್ಲಿ ಕಟ್ಟಿಕೊಂಡಷ್ಟೇ ಸೀಸದ ಗುಂಡು ಕೆರೆಯಲ್ಲಿ ಕಟ್ಟಿಕೊಂಡರೆ ಬೇಕಾದುದಕ್ಕಿಂತ ಹೆಚ್ಚು ಮುಳುಗುತ್ತಾರೆ. ಇನ್ನು ಮಾಲವಣದಲ್ಲೋ ಮುರುಡೇಶ್ವರದ ನೇತ್ರಾಣಿಯಲ್ಲೋ ಮುಳುಗಿ, ಅದೇ ಸಂಜೆ ಘಟ್ಟ ಹತ್ತಿ ಊರಿಗೆ ಹೊರಡುವುದೂ ಒಳ್ಳೆಯದಲ್ಲ. ವಿಮಾನ ಹತ್ತಬಾರದೆಂದು ಹೇಳುವ ಕಾರಣವೇ ಘಟ್ಟಕ್ಕೂ ಸಲ್ಲುತ್ತದೆ. ಒಂದು ರಾತ್ರಿ ಕಡಲತೀರದಲ್ಲಿ ಮಲಗಿ ಹೊರಡಿರಿ.

ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮ ಸಿಂಧುದುರ್ಗ ಜಿಲ್ಲೆಯ ತಾರಕರ್ಲಿಯಲ್ಲಿ ಶಿಕ್ಷಣಸಂಸ್ಥೆಯನ್ನೇ ನಡೆಸಿದೆ. ಕರ್ನಾಟಕದಲ್ಲಿ ಬೆಂಗಳೂರಿನ ಈಜುಕೊಳಗಳಲ್ಲಿ ಅಭ್ಯಾಸ ಮಾಡಿಸಿ ನೇತ್ರಾಣಿಗೆ ಕರೆದೊಯ್ಯುವವರಿದ್ದಾರೆ. ಆದರೆ ಪ್ರವಾಸಿಗರನ್ನು ಹತ್ತಿಪ್ಪತ್ತು ನಿಮಿಷ ಕೈಹಿಡಿದು ಇಳಿಸಿ ಫೋಟೋ ತೆಗೆದು ಕಳಿಸುವುದಕ್ಕೂ ಶಿಕ್ಷಣಕ್ಕೂ ಅಂತರವಿದೆ. ಫೋಟೋ ಬಂದಿತೆಂದು ವಿದ್ಯೆ ಬಂದಿತೆಂದು ತಿಳಿಯಬಾರದು.

ನಮ್ಮ ನೀರಿನ ತಳದಲ್ಲಿ

ನಮ್ಮ ಜಲಾಶಯಗಳ ತಳದಲ್ಲಿ ಏನಿದೆ? ಹಡಗಿಗಿಂತ ಊರುಗಳೇ ಹೆಚ್ಚು. ಕೃಷ್ಣರಾಜಸಾಗರದಲ್ಲಿ ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ನೀರು ಬತ್ತಿದ ವರ್ಷಗಳಲ್ಲಿ ತಲೆಯೆತ್ತುತ್ತಿತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಏಳುತ್ತದೆ. ಶರಾವತಿಯಲ್ಲಿ ಅಣೆಕಟ್ಟನ್ನೇ ಅಣೆಕಟ್ಟು ನುಂಗಿತು: ಮಡೆನೂರಿನ ಹಿರೇಭಾಸ್ಕರ ಕಟ್ಟೆ ಲಿಂಗನಮಕ್ಕಿಯ ನೀರಿನಡಿಯಲ್ಲಿದೆ. ಆ ಹಿನ್ನೀರಿನಿಂದ ದ್ವೀಪದಂತಾದ ಊರುಗಳಿಗೆ, ಸಿಗಂದೂರಿನ ಯಾತ್ರಿಕರಿಗೆ, ಲಾಂಚೇ ಗತಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ ಜನ ದಶಕಗಳ ಕಾಲ ಆ ನೀರನ್ನು ದೋಣಿಯಲ್ಲಿಯೇ ದಾಟಿದರು.

ಮುಳುಗಿದ್ದನ್ನು ಶಾಸ್ತ್ರಕ್ಕಾಗಿ ಹುಡುಕುವ ಕೆಲಸಕ್ಕೆ ನಮ್ಮ ದೇಶದಲ್ಲಿ ತಳಹದಿ ಹಾಕಿದವರು ಕನ್ನಡಿಗರೇ ಎಂಬುದು ಸಂತೋಷದ ಸಂಗತಿ. ಲೋಥಲ್ ಅಗೆಸಿದ ಡಾ. ಎಸ್. ಆರ್. ರಾವ್ ಅವರು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ಸಾಗರ ಪುರಾತತ್ತ್ವದ ಕೇಂದ್ರವನ್ನು ಕಟ್ಟಿ, ದ್ವಾರಕೆಯ ಕಡಲಿನಲ್ಲಿ ಮುಳುಗುಗಾರರಿಂದ ಶೋಧನೆ ನಡೆಸಿದರು. ಅವರು ಶಿವಮೊಗ್ಗ ಜಿಲ್ಲೆಯವರು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರು.

ಆದರೆ ನಮ್ಮಲ್ಲಿ ಸಿಹಿನೀರಿನ ತಳಕ್ಕೆ ಮುಳುಗುಗಾರ ಇಳಿಯುವುದು ಹೆಚ್ಚಾಗಿ ನೋಡುವ ಸಂತೋಷಕ್ಕಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಸರೋವರದಲ್ಲಿ ಜಲಕನ್ಯಕಾ ಎಂಬ ಎರಡು ಅಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. ಇನ್ನು ನಮ್ಮ ಮಹಾರಾಷ್ಟ್ರದಲ್ಲಿಯೇ, 2024ರ ಮೇ 21ರ ಸಂಜೆ, ಉಜನಿಯ ಹಿನ್ನೀರಿನಲ್ಲಿ ಸೋಲಾಪುರ ಜಿಲ್ಲೆಯ ಕುಗಾವದಿಂದ ಪುಣೆ ಜಿಲ್ಲೆಯ ಕಳಾಶಿಗೆ ಹೊರಟಿದ್ದ ದೋಣಿ ಬಿರುಗಾಳಿಗೆ ಮಗುಚಿತು. ಏಳು ಜನರಿದ್ದರು. ಪೋಲೀಸ್ ಅಧಿಕಾರಿಯೊಬ್ಬರು ಈಜಿ ದಡ ಸೇರಿದರು. ಉಳಿದ ಆರು ಮಂದಿ, ಮಕ್ಕಳೂ ಸೇರಿ, ಮುಳುಗಿದರು. ರಾಷ್ಟ್ರೀಯ ವಿಪತ್ತು ಸ್ಪಂದನ ದಳದ ಮುಳುಗುಗಾರರು ಮರುದಿನ ದೋಣಿಯನ್ನು ಸುಮಾರು 35 ಅಡಿ ಆಳದಲ್ಲಿ ಕಂಡರು. ಆ ದಳಕ್ಕೆ ಪುಣೆಯ ಹತ್ತಿರ ಒಂದು ತುಕಡಿಯೇ ಇದೆ. ಅಂದು ಸಂಜೆ ಅದೊಂದು ದಿನನಿತ್ಯದ ದೋಣಿ. ದಾಟುತ್ತಿದ್ದವರು ಮನೆಗೆ ಹೋಗುವ ಜನ. ಏಳರಲ್ಲಿ ಬದುಕಿ ದಡ ಮುಟ್ಟಿದವರು ಈಜಿ ಮುಟ್ಟಿದರೆಂಬುದನ್ನು ಮರೆಯಬಾರದು.

ಅಮೇರಿಕೆಯ ಸರೋವರಕ್ಕೂ ನಮ್ಮ ಹಿನ್ನೀರಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಅಲ್ಲಿಯ ನೀರು ತಣ್ಣಗೆ, ತಿಳಿ. ನಮ್ಮದು ಬೆಚ್ಚಗೆ, ಹೂಳು ತುಂಬಿದ್ದು. ಮಳೆಗಾಲದಲ್ಲಿ ಚಹದ ಬಣ್ಣ. ಮುಳುಗುಗಾರನಿಗೆ ತನ್ನ ಅಂಗೈಯೇ ಕಾಣುವುದಿಲ್ಲ. ಕೈಯೇ ಕಣ್ಣು. ಗುರುತಿನ ಜಾಗದಲ್ಲಿ ಭಾರವೊಂದನ್ನು ಇಳಿಸಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಬಿಗಿ ಹಿಡಿದು ಗಾಣದ ಎತ್ತಿನಂತೆ ಸುತ್ತು ಬರಬೇಕು; ಒಂದು ಸುತ್ತು ಮುಗಿದರೆ ಹಗ್ಗವನ್ನು ಒಂದಷ್ಟು ಬಿಟ್ಟು ಮತ್ತೊಂದು ಸುತ್ತು. ಮೇಲಿರುವವನೊಡನೆ ಮಾತು ಹಗ್ಗದ ಜಗ್ಗಿನಿಂದ: ಇಷ್ಟು ಸಲ ಜಗ್ಗಿದರೆ ಇಂಥದು ಎಂದು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಮೇಲೆ ಹಗ್ಗ ಹಿಡಿದು ಕುಳಿತವನದೂ ಮುಳುಗಿದವನಷ್ಟೇ ಕೆಲಸ.

ದೇಹಕ್ಕಾಗಿ ಕಾಯುವವರು

2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ದಾಟಿ ಗಂಗಾವಳಿ ನದಿಗೆ ಬಿತ್ತು. ಜನ ಸತ್ತರು; ಕೆಲವರು ಕಾಣೆಯಾದರು; ಕೇರಳದ ಚಾಲಕನೊಬ್ಬನು ಮರದ ದಿಮ್ಮಿ ಹೇರಿದ ಲಾರಿಯೊಡನೆ ನದಿಯ ಪಾಲಾದನು. ನೌಕಾದಳದ ಮುಳುಗುಗಾರರು ಬಂದರು, ಆದರೆ ತುಂಬಿದ ಹೊಳೆಯ ಸೆಳವು ಅವರನ್ನು ಇಳಿಯಗೊಡಲಿಲ್ಲ. ಉಡುಪಿಯ ಮಲ್ಪೆಯವರಾದ ಈಶ್ವರ ಮಲ್ಪೆ ಅವರು ತಮ್ಮ ಸಂಗಡಿಗರೊಡನೆ ಮತ್ತೆ ಮತ್ತೆ ಆ ಹೊಳೆಗೆ ಇಳಿದರು. ನೀರಿನಿಂದ ಜನರನ್ನೂ ದೇಹಗಳನ್ನೂ ತೆಗೆಯುವ ಕೆಲಸವನ್ನು ವರ್ಷಗಳಿಂದ ಸೇವೆಯೆಂದು ಮಾಡುತ್ತಿರುವವರು ಅವರು. ಕೊನೆಗೆ ಗೋವೆಯಿಂದ ಹೂಳೆತ್ತುವ ಯಂತ್ರ ಬಂದು, ಸೆಪ್ಟೆಂಬರ್ 25ರಂದು, ಎಂದರೆ 71 ದಿನಗಳ ಮೇಲೆ, ಲಾರಿಯ ಮುಂಭಾಗ ಸಿಕ್ಕಿತು. ಚಾಲಕನ ದೇಹ ಅದರಲ್ಲಿಯೇ ಇತ್ತು.

ಸತ್ತದ್ದು ಖಂಡಿತವೆಂದು ಎಲ್ಲರಿಗೂ ತಿಳಿದ ಮೇಲೆ 71 ದಿನ ಹುಡುಕಿದ್ದೇಕೆ ಎಂದು ಒಬ್ಬ ಮಿತ್ರರು ಕೇಳಿದರು. ಉತ್ತರ ಎರಡು ಬಗೆಯದು. ಒಂದು ಮನೆಯವರದು. ಬಾಗಿಲ ಸಪ್ಪಳಕ್ಕೆ ತಾಯಿ ಏಳುವುದು ನಿಲ್ಲಬೇಕಾದರೆ ದೇಹ ಬರಬೇಕು. ಕೊಳ್ಳಿ ಇಡುವುದಕ್ಕೂ ಮಣ್ಣು ಕೊಡುವುದಕ್ಕೂ ದೇಹ ಬೇಕು. ಇನ್ನೊಂದು ಕಚೇರಿಯದು, ಇದನ್ನು ಗುಮಾಸ್ತನಾದ ನಾನು ಹೇಳಬಲ್ಲೆ. ದೇಹವಿಲ್ಲದೆ ಮರಣದ ದಾಖಲೆ ಸುಲಭವಾಗಿ ಆಗದು. ಕಾಣೆಯಾದವನು ಸತ್ತನೆಂದು ಕಾನೂನು ಭಾವಿಸಬೇಕಾದರೆ ಅವನ ಸುದ್ದಿ ಕೇಳಿಬರಬೇಕಾದವರಿಗೆ ಏಳು ವರ್ಷ ಕೇಳಿಬರದೆ ಇರಬೇಕು. ಹಿಂದಿನ ಸಾಕ್ಷ್ಯ ಕಾಯಿದೆಯಲ್ಲಿಯೂ ಹೀಗೆಯೇ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಹೀಗೆಯೇ ಇದೆ. ದೊಡ್ಡ ವಿಪತ್ತಿನಲ್ಲಿ ಸರಕಾರ ವಿಶೇಷ ಆಜ್ಞೆ ಮಾಡುವುದುಂಟು. ಒಬ್ಬಿಬ್ಬರು ಹೊಳೆಯಲ್ಲಿ ಹೋದರೆ ಯಾರು ಮಾಡಬೇಕು? ಪಿಂಚಣಿ, ವಿಮೆ, ಹೊಲದ ಉತಾರೆ, ಬ್ಯಾಂಕಿನ ಖಾತೆ, ಎಲ್ಲವೂ ಒಂದು ಹಾಳೆಗಾಗಿ ಕಾಯುತ್ತವೆ. ಏಳು ವರ್ಷ ಕಾಯುವ ಹೆಂಗಸು ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಇಂಥ ಅರ್ಜಿಗಳನ್ನು ಮೇಜಿನ ಮೇಲೆ ನೋಡಿದವರಿಗೆ ಮುಳುಗುಗಾರನ ಬೆಲೆ ತಿಳಿಯುತ್ತದೆ. ಅವನು ದೇಹ ತರುವಾಗ ಆ ಹಾಳೆಯನ್ನೂ ತರುತ್ತಾನೆ.

ಮಲ್ಪೆಯ ಮೀನುಗಾರರ ಮನೆಗಳೂ ಇದನ್ನು ಕಂಡಿವೆ. 2018ರ ಡಿಸೆಂಬರಿನಲ್ಲಿ ಸುವರ್ಣ ತ್ರಿಭುಜ ಎಂಬ ದೋಣಿ ಏಳು ಜನರೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ನೌಕಾದಳದ ನಿರೀಕ್ಷಕ್ ಎಂಬ ಹಡಗು ಮಾಲವಣದಾಚೆ ಸುಮಾರು 60 ಮೀಟರ್ ಆಳದಲ್ಲಿ ಅದರ ಅವಶೇಷವನ್ನು ಪತ್ತೆಹಚ್ಚುವ ತನಕ ಆ ಏಳು ಮನೆಗಳು ಏನೆಂದು ನಂಬಿ ಕುಳಿತಿದ್ದವೋ ದೇವರೇ ಬಲ್ಲ.

ನಾವು ಮಾಡಬಹುದಾದದ್ದು

ಸೋದರ ಸೋದರಿಯರೇ, ನಮ್ಮಲ್ಲಿ ಎಲ್ಲರೂ ಸಿಲಿಂಡರು ಕಟ್ಟಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಶಿಕ್ಷಣಕ್ಕೆ ಹಣ ಬೇಕು, ಬಿಡುವು ಬೇಕು. ಆದರೆ ಆ ವಿದ್ಯೆಯ ಮೊದಲ ಮೆಟ್ಟಿಲಾದ 200 ಮೀಟರು ಈಜು ಮತ್ತು ಹತ್ತು ನಿಮಿಷದ ತೇಲು ಎಲ್ಲರಿಗೂ ಸಲ್ಲುವಂಥದು. ನಮ್ಮ ತಂದೆಯವರ ಕಾಲದಲ್ಲಿ ಹಾಲಿವಾಣದ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಬೆನ್ನಿಗೆ ಕಟ್ಟಿ ಸೋದರಮಾವಂದಿರು ಬಾವಿಗೆ ನೂಕುತ್ತಿದ್ದರು. ಎಂಟು ದಿನದಲ್ಲಿ ಬೆಂಡು ಕಳಚುತ್ತಿತ್ತು. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಆ ಬಾವಿಯೂ ಇಲ್ಲ, ಆ ಸೋದರಮಾವನೂ ಹತ್ತಿರವಿಲ್ಲ. ಮಕ್ಕಳು ಗಣಿತಕ್ಕೂ ಇಂಗ್ಲೀಷಿಗೂ ಟ್ಯೂಷನ್ನಿಗೆ ಹೋಗುತ್ತಾರೆ. ನೀರನ್ನು ಮಾತ್ರ ಕಾಣುವುದು ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ. ಆಗ ಸೋದರಸಂಬಂಧಿಗಳೊಡನೆ ಹೊಳೆಗೆ ಇಳಿಯುತ್ತಾರೆ. ಊರಿನ ಹುಡುಗನಿಗೆ ಮಡು ಎಲ್ಲಿದೆಯೆಂದು ಗೊತ್ತು. ನಮ್ಮ ಹುಡುಗನಿಗೆ ಗೊತ್ತಿಲ್ಲ.

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮೂವತ್ತರೊಳಗಿನವರು. ನಮ್ಮ ದೇಶದಲ್ಲಿ ಸರಕಾರಿ ದಾಖಲೆಯೇ ವರ್ಷಕ್ಕೆ 30,000ಕ್ಕೂ ಹೆಚ್ಚು ಎನ್ನುತ್ತದೆ. ಸಂಯುಕ್ತ ರಾಷ್ಟ್ರಸಂಘ 2021ರಲ್ಲಿ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಗೊತ್ತುಮಾಡಿತು.

ನಾನಿರುವ ಈ ಭಾಗದ ಶೇತತಳೆಯ ಮಾತು ಹೇಳಿ ಮುಗಿಸುತ್ತೇನೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ನೀರು ತಾಗಿ ಪಾಚಿಗಟ್ಟಿದರೆ ಎಣ್ಣೆ ಸವರಿದಂತೆ. ಇಳಿದವನು ಈಜುಬಲ್ಲವನಾದರೂ ಹತ್ತಲಾರ. ಹಿಡಿಯಲಿಕ್ಕೆ ಗರಿಕೆಯೂ ಇಲ್ಲ. ಒಬ್ಬನನ್ನು ಎಳೆಯಲು ಹೋಗಿ ಇನ್ನೊಬ್ಬನೂ ಜಾರುವುದು ಇಲ್ಲಿ ಕಾಣುವ ದುಃಖ. ಮೂಲೆ ಮೂಲೆಗೆ ಒಂದು ಗಟ್ಟಿ ಗೂಟ, ಅದರಿಂದ ನೀರಿನ ತನಕ ಗಂಟು ಹಾಕಿದ ಒಂದು ಹಗ್ಗ, ಗಾಳಿ ತುಂಬಿದ ಹಳೆಯ ಟ್ಯೂಬೊಂದು, ಸುತ್ತ ಒಂದು ಬೇಲಿ: ಇಷ್ಟಕ್ಕೆ ಹೆಚ್ಚು ಖರ್ಚಾಗದು. ಊರಿನಲ್ಲಿ ಹೊಲವಿದ್ದವರು, ಪಾಲಿಗೆ ಕೊಟ್ಟವರು, ಮುಂದಿನ ಪತ್ರದಲ್ಲಿ ಮನೆಯವರಿಗೆ ಇದೊಂದು ಸಾಲು ಬರೆಯಿರಿ. ದೋಣಿ ಹತ್ತುವಾಗ ತೇಲುವ ಅಂಗಿಯನ್ನು ಕೇಳಿ ತೊಡಿರಿ. ಕೊಡದಿದ್ದರೆ ಇಳಿದುಬಿಡಿರಿ, ಸಂಕೋಚ ಬೇಡ. ಮುಳುಗುತ್ತಿರುವವನ ಕಡೆಗೆ ಮೊದಲು ಹಗ್ಗ, ಕೋಲು, ಧೋತರ, ಖಾಲಿ ಡಬ್ಬಿ ಏನಾದರೂ ಎಸೆಯಿರಿ. ತರಬೇತಿಯಿಲ್ಲದೆ ತಾವೇ ಹಾರಬೇಡಿರಿ.

ಇನ್ನು ಸಂಘದ ಕಾರ್ಯಕಾರಿ ಮಂಡಲಿಗೆ ಒಂದು ವಿನಂತಿ. ರಾಜ್ಯೋತ್ಸವಕ್ಕೆ ನಾಟಕವಾಡುತ್ತೇವೆ, ಯುಗಾದಿಗೆ ಹೋಳಿಗೆ ಊಟ ಮಾಡುತ್ತೇವೆ, ಬಹಳ ಸಂತೋಷ. ಬರುವ ಬೇಸಗೆಯಲ್ಲಿ ಹದಿನೈದು ದಿನ ನಗರಸಭೆಯ ಈಜುಕೊಳವೊಂದನ್ನು ಬೆಳಿಗ್ಗೆ ಒಂದು ಗಂಟೆ ಗೊತ್ತುಮಾಡಿ, ಬಲ್ಲ ಶಿಕ್ಷಕರನ್ನಿಟ್ಟು, ನಮ್ಮ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಈಜು ಕಲಿಸುವ ಏರ್ಪಾಡಾಗಲಿ. ಹತ್ತು ಮನೆಗಳು ಕೂಡಿದರೆ ಖರ್ಚು ಹಗುರ. ಅವರಲ್ಲಿ ಯಾರಾದರೊಬ್ಬರು ಮುಂದೆ ಟೋಬರ್ಮರಿಯ ಹಡಗನ್ನು ಕಂಡು ಬಂದು ಇದೇ ಪತ್ರಿಕೆಗೆ ಬರೆದರೆ ಓದಿ ಆನಂದಿಸೋಣ. ಅಲ್ಲಿಯವರೆಗೆ, ರಜೆಗೆ ಊರಿಗೆ ಹೋದ ಮಕ್ಕಳೆಲ್ಲರೂ ಹೋದಷ್ಟೇ ಮಂದಿ ಮರಳಿ ಬರಲಿ. ಹೆಸರು ಕೊಡತಕ್ಕವರು ಸಂಘದ ಕಾರ್ಯದರ್ಶಿಗಳಿಗೆ ಪತ್ರ ಬರೆಯಬೇಕೆಂದು ಕೋರಿಕೆ. ನಮ್ಮ ಮನೆಯ ಎರಡು ಹೆಸರುಗಳನ್ನು ಈಗಲೇ ಬರೆದುಕೊಳ್ಳಲಿ.